ಮೇನ್ ಸ್ವಿಚ್ ಆಫ್ ಮಾಡಿದರೂ ಏರುವ ಬಿಲ್ಲು

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಊರಿನಲ್ಲಿ ನಮ್ಮದೊಂದು ಹಳೆಮನೆ ಇದೆ. ಅತ್ತೆ, ಮಾವ ಬಾಳಿದ ಮನೆ. ಈಗ ಹಬ್ಬಕ್ಕೋ ತಿಥಿಗೋ ಹೋದಾಗ ಬಾಗಿಲು ತೆಗೆಯುತ್ತೇವೆ, ಉಳಿದಂತೆ ಬೀಗ. ಬರುವಾಗ ಮೇನ್ ಸ್ವಿಚ್ ಆಫ್ ಮಾಡಿಯೇ ಬರುವುದು. ಆ ಮನೆಯ ಮಂಜೂರಾದ ಲೋಡ್ 3 ಕಿಲೋವ್ಯಾಟ್. 2025-26ರ ನಿಮ್ಮ ಆದೇಶದಂತೆ ಕಿಲೋವ್ಯಾಟಿಗೆ 145 ರೂಪಾಯಿ ನಿಗದಿತ ಶುಲ್ಕವಿತ್ತು, ಅಂದರೆ ತಿಂಗಳಿಗೆ 435 ರೂಪಾಯಿ. ಹಬ್ಬದ ತಿಂಗಳಲ್ಲಿ ಎಂಟು ಯೂನಿಟ್ ಉರಿದರೆ, ಯೂನಿಟ್ಟಿಗೆ 5 ರೂಪಾಯಿ 80 ಪೈಸೆಯಂತೆ 46 ರೂಪಾಯಿ 40 ಪೈಸೆ. ಕರೆಂಟಿಗೆ ನಲವತ್ತಾರು, ಕರೆಂಟು ಬರುವ ವ್ಯವಸ್ಥೆಗೆ ನಾನೂರ ಮೂವತ್ತೈದು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಒಬ್ಬರ ಹೆಸರಿಗೆ ಒಂದೇ ಮೀಟರಿಗೆ. ಅದು ನಾವಿರುವ ತಾಲ್ಲೂಕು ಕೇಂದ್ರದ ಮನೆಗೆ ಹೋಗಿದೆ.

ಎರಡು ಮನೆ ಇಟ್ಟುಕೊಂಡವಳಿಗೆ ಇದೆಂಥ ಗೋಳು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಐನೂರು ರೂಪಾಯಿಗೆ ನಮ್ಮ ಮನೆ ಮುಳುಗುವುದಿಲ್ಲ. ಆದರೆ ಬಳಕೆಯೇ ಇಲ್ಲದ ಆ ಬಿಲ್ಲಿನಲ್ಲಿ ಒಂದು ವಿಷಯ ಕಲಬೆರಕೆಯಿಲ್ಲದೆ ಕಾಣುತ್ತದೆ: ಗ್ರಾಹಕರ ಕೈಯಲ್ಲಿರುವ ಭಾಗ ಎಷ್ಟು, ಕೈಯಲ್ಲಿಲ್ಲದ ಭಾಗ ಎಷ್ಟು ಎಂಬುದು. ಕೈಯಲ್ಲಿಲ್ಲದ ಭಾಗ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ ಎಂಬುದೇ ನನ್ನ ತಕರಾರು.

2023-24ರಲ್ಲಿ ಕಿಲೋವ್ಯಾಟಿಗೆ 110 ರೂಪಾಯಿ ಇತ್ತು. ಮರುವರ್ಷ 120. ಅದರ ಮರುವರ್ಷ 145. ಇದೇ ಅವಧಿಯಲ್ಲಿ ನೀವು ಮಾಡಿದ ಒಳ್ಳೆಯ ಕೆಲಸವನ್ನೂ ಹೇಳಬೇಕು. 2023ರಲ್ಲಿ ನೂರು ಯೂನಿಟ್‌ವರೆಗೆ 4 ರೂಪಾಯಿ 75 ಪೈಸೆ, ನೂರು ದಾಟಿದರೆ ಅಷ್ಟೂ ಯೂನಿಟ್ಟಿಗೆ 7 ರೂಪಾಯಿ ಎಂಬ ವಿಚಿತ್ರ ಸ್ಲ್ಯಾಬ್ ಇತ್ತು. ನೂರು ಯೂನಿಟ್ಟಿಗೆ 475 ರೂಪಾಯಿ ಕೊಟ್ಟವರ ಪಕ್ಕದ ಮನೆಯವರು ನೂರಾ ಒಂದು ಯೂನಿಟ್ಟಿಗೆ 707 ಕೊಡುತ್ತಿದ್ದರು. 2024ರಲ್ಲಿ ಅದನ್ನು ತೆಗೆದು 5 ರೂಪಾಯಿ 90 ಪೈಸೆಯ ಒಂದೇ ದರ ಮಾಡಿದಿರಿ. ಮರುವರ್ಷ ಅದರಲ್ಲೂ ಹತ್ತು ಪೈಸೆ ಇಳಿಸಿದಿರಿ. ಪತ್ರಿಕೆಗಳಲ್ಲಿ 'ವಿದ್ಯುತ್ ದರ ಇಳಿಕೆ' ಎಂದು ಬಂತು.

ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಅಂಕಿ ಕಂಡರೆ ಕೂಡಿ ಕಳೆಯುವುದು ರೂಢಿ. ಕಿಲೋವ್ಯಾಟಿಗೆ 25 ರೂಪಾಯಿ ಏರಿದರೆ 3 ಕಿಲೋವ್ಯಾಟ್ ಮನೆಗೆ ತಿಂಗಳಿಗೆ 75 ರೂಪಾಯಿ ಹೆಚ್ಚು. ಯೂನಿಟ್ಟಿಗೆ ಹತ್ತು ಪೈಸೆ ಇಳಿಕೆಯಿಂದ ಆ 75 ರೂಪಾಯಿ ವಾಪಸು ಬರಬೇಕಾದರೆ ತಿಂಗಳಿಗೆ 750 ಯೂನಿಟ್ ಉರಿಸಬೇಕು. ಅಷ್ಟು ಉರಿಸಿದರೂ ಬರುವುದಿಲ್ಲ, ಏಕೆಂದರೆ ಅದೇ ಏಪ್ರಿಲ್ಲಿನಿಂದ ಯೂನಿಟ್ಟಿಗೆ 36 ಪೈಸೆಯ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್ ಬಂದು ಕೂತಿತು. ಒಂದು ಕೈಯಲ್ಲಿ ಹತ್ತು ಕೊಟ್ಟು ಇನ್ನೊಂದು ಕೈಯಲ್ಲಿ ಮೂವತ್ತಾರು ತೆಗೆದುಕೊಂಡರೆ ಅದಕ್ಕೆ ಇಳಿಕೆ ಎನ್ನುವುದಿಲ್ಲ.

ಪಿಂಚಣಿಯ ಬಗ್ಗೆ ನನಗೆ ಸಿಟ್ಟಿಲ್ಲ. ಮಳೆಗಾಲದ ರಾತ್ರಿ ಕಂಬ ಹತ್ತಿದ ಲೈನ್‌ಮನ್‌ಗಳ ಪಿಂಚಣಿ ಅವರ ಹಕ್ಕು. ನಾನೂ ಪಿಂಚಣಿಯಲ್ಲಿ ಬದುಕುವವಳೇ. ಆದರೆ 1999ರಲ್ಲಿ ಹಳೆಯ ವಿದ್ಯುತ್ ಮಂಡಳಿ ಕೆಇಬಿಯನ್ನು ಮುಚ್ಚಿ ಪ್ರಸರಣ ನಿಗಮ ಕೆಪಿಟಿಸಿಎಲ್ ಕಟ್ಟಿದ್ದು, ಆಮೇಲೆ ಎಸ್ಕಾಂ ಎಂಬ ವಿತರಣಾ ಕಂಪನಿಗಳಾಗಿ ಹಂಚಿದ್ದು ಸರ್ಕಾರದ ತೀರ್ಮಾನ. ಅದರ ಹಳೆಯ ಬಾಧ್ಯತೆ ಕಾಲು ಶತಮಾನದ ಮೇಲೆ ಅಡುಗೆಮನೆಯ ಮಿಕ್ಸಿಯ ಲೆಕ್ಕಕ್ಕೆ ಬಂದು ಸೇರಿದೆ. ಮೂರು ವರ್ಷಕ್ಕೆ 36, 35, 34 ಪೈಸೆ ಎಂದು ಆದೇಶದಲ್ಲಿದೆ. ನಾಲ್ಕನೆಯ ವರ್ಷ ಏನು ಎಂಬುದನ್ನು ಈಗಲೇ ಹೇಳಿಬಿಟ್ಟರೆ ಒಳ್ಳೆಯದು.

ನಿಗದಿತ ಶುಲ್ಕ ಏಕೆ ಬೇಕು ಎಂಬುದು ನನಗೆ ಗೊತ್ತು. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಸಿಬ್ಬಂದಿ ಇವೆಲ್ಲ ನಾನು ಸ್ವಿಚ್ ಹಾಕಲಿ ಬಿಡಲಿ ಇರಲೇಬೇಕು. ಉತ್ಪಾದನಾ ಘಟಕಗಳಿಂದ ವಿದ್ಯುತ್ ಎತ್ತದ ದಿನವೂ ಒಪ್ಪಂದದಂತೆ ಸಾಮರ್ಥ್ಯ ಶುಲ್ಕ ಕಟ್ಟಬೇಕಾಗುತ್ತದೆ. ಮಾಳಿಗೆಯ ಮೇಲೆ ಸೌರಫಲಕ ಹಾಕಿಕೊಂಡವರು ಯೂನಿಟ್ ಕಡಿಮೆ ಕೊಂಡರೂ ತಂತಿಯನ್ನು ಬಳಸುತ್ತಲೇ ಇರುತ್ತಾರೆ. ಅವರ ಪಾಲಿನ ಖರ್ಚು ಉಳಿದವರ ತಲೆಗೆ ಬೀಳಬಾರದು. ಈ ವಾದವನ್ನು ಒಪ್ಪಿದೆ. ಒಪ್ಪಿದ ಮೇಲೆ ಕೇಳುವುದಿಷ್ಟೆ: ಆ ಶುಲ್ಕವನ್ನು ಯಾವ ಅಳತೆಯ ಮೇಲೆ ಹಾಕುತ್ತಿದ್ದೀರಿ?

ಮಂಜೂರಾದ ಲೋಡ್ ಎಂಬುದು ಬಹುಪಾಲು ಮನೆಗಳಲ್ಲಿ ಗೃಹಪ್ರವೇಶದ ಗಡಿಬಿಡಿಯಲ್ಲಿ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಬರೆದ ಅಂಕಿ. 'ಮುಂದೆ ಎಸಿ ಹಾಕ್ಸಿದ್ರೆ ಇರ್ಲಿ ಮೇಡಂ' ಎಂದು ಐದು ಬರೆದರೆ ಐದು. ನಮ್ಮ ಬೀದಿಯ ತುದಿಯಲ್ಲಿ ಒಬ್ಬರು ಹಿರಿಯ ದಂಪತಿ ಇದ್ದಾರೆ. ಮಕ್ಕಳು ಹೊರಗೆ, ಮಹಡಿಗೆ ಬೀಗ, ಎಸಿ ಬಂದೇ ಇಲ್ಲ. ಗೃಹಜ್ಯೋತಿಗೆ ಅರ್ಜಿಯನ್ನೂ ಹಾಕಿಲ್ಲ. ಯಜಮಾನರಿಗೆ ಅದು ಬೇಡವಂತೆ. 2025-26ರ ದರದಲ್ಲಿ ಐದು ಕಿಲೋವ್ಯಾಟಿಗೆ ತಿಂಗಳಿಗೆ 725 ರೂಪಾಯಿ ಕಟ್ಟುತ್ತಾ ಬಂದರು. ಲೋಡನ್ನು ಮೂರಕ್ಕೆ ಇಳಿಸಿದರೆ ಅದೇ ದರದಲ್ಲಿ ತಿಂಗಳಿಗೆ 290 ರೂಪಾಯಿ ಉಳಿತಾಯ. ಇದನ್ನು ಉಳಿತಾಯದ ಉಪದೇಶಗಳ ಪಕ್ಕ ಇಟ್ಟು ನೋಡಿ. ಹಳೆಯ 75 ವ್ಯಾಟ್ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿ ದಿನಕ್ಕೆ ಹನ್ನೆರಡು ಗಂಟೆ ತಿರುಗಿಸಿದರೆ ತಿಂಗಳಿಗೆ ಹದಿನಾರು ಯೂನಿಟ್ ಉಳಿಯುತ್ತದೆ. ಸರ್‌ಚಾರ್ಜು, ಶೇ 9ರ ತೆರಿಗೆ ಎಲ್ಲ ಸೇರಿಸಿದರೂ ನೂರ ಏಳೆಂಟು ರೂಪಾಯಿ. ಎರಡು ಫ್ಯಾನ್ ಬದಲಾಯಿಸಿದರೂ ಸಿಗದ ಲಾಭ ಒಂದು ಹಾಳೆಯ ಅರ್ಜಿಯಲ್ಲಿದೆ. ಅದನ್ನು ಯಾರೂ ಹೇಳುವುದಿಲ್ಲ.

ಈಗಿನ ಎಲೆಕ್ಟ್ರಾನಿಕ್ ಮೀಟರುಗಳು ತಿಂಗಳಲ್ಲಿ ಆ ಮನೆ ಒಮ್ಮೆಗೆ ಗರಿಷ್ಠ ಎಷ್ಟು ಎಳೆದಿದೆ ಎಂಬುದನ್ನೂ ದಾಖಲಿಸುತ್ತವೆ. ಕೆಲವು ಬಿಲ್ಲುಗಳ ಮೂಲೆಯಲ್ಲಿ ಆ ಅಂಕಿ ಇದ್ದೂ ಇಲ್ಲದಂತೆ ಇರುತ್ತದೆ. ಮಂಜೂರಾತಿ ಮೀರಿ ಎಳೆದರೆ 'ಲೋಡ್ ಹೆಚ್ಚಿಸಿಕೊಳ್ಳಿ, ಹೆಚ್ಚುವರಿ ಠೇವಣಿ ಕಟ್ಟಿ' ಎಂಬ ನೋಟಿಸು ಬರುತ್ತದೆ. ಅರ್ಧದಷ್ಟನ್ನೂ ಎಳೆಯದ ಮನೆಗೆ 'ಇಳಿಸಿಕೊಳ್ಳಬಹುದು' ಎಂಬ ನೋಟಿಸು ಬಂದದ್ದನ್ನು ನಾನಂತೂ ಕಂಡಿಲ್ಲ.

ಗೃಹಜ್ಯೋತಿ ನಿಮ್ಮ ಯೋಜನೆಯಲ್ಲ, ಸರ್ಕಾರದ್ದು. ಆದರೂ ಅದರ ಬಿಸಿ ಬಿಲ್ಲಿನ ಮೇಲೇ ತಟ್ಟುವುದರಿಂದ ಹೇಳುತ್ತೇನೆ. ಎದುರುಮನೆಯ ಹುಡುಗಿ ಏಪ್ರಿಲ್ ತಿಂಗಳ ಬಿಲ್ಲು ಹಿಡಿದು ಬಂದಳು. 'ಆಂಟಿ, ಹೋದ ತಿಂಗಳು ಸೊನ್ನೆ. ಈ ಸಲ ಸಾವಿರದ ಎಂಟುನೂರು ಚಿಲ್ಲರೆ. ಮೀಟರ್ ಕೆಟ್ಟಿದೆಯಾ ನೋಡಿ.' ಮೀಟರಿಗೆ ಏನೂ ಆಗಿರಲಿಲ್ಲ. ಅವರ 2022-23ರ ಸರಾಸರಿ 170 ಯೂನಿಟ್, ಅದರ ಮೇಲೆ ಶೇ 10 ಸೇರಿ ಉಚಿತದ ಅರ್ಹತೆ 187. ಹಿಂದಿನ ತಿಂಗಳು 184 ಉರಿದಿತ್ತು. ಈ ತಿಂಗಳು ಸೆಕೆ, ರಜೆಗೆ ಬಂದ ನೆಂಟರು, ಅವರ ಮಕ್ಕಳು, 206 ಆಗಿದೆ. 199ರಲ್ಲಿ ನಿಂತಿದ್ದರೆ ಹೆಚ್ಚುವರಿ ಹನ್ನೆರಡು ಯೂನಿಟ್ಟಿಗೆ ಎಂಬತ್ತು ರೂಪಾಯಿ ಆಸುಪಾಸು ಕಟ್ಟಿದ್ದರೆ ಸಾಕಿತ್ತು. ಇನ್ನೂರು ದಾಟಿದ್ದಕ್ಕೆ ಇಡೀ ಬಿಲ್ಲು ಹೆಗಲಿಗೆ ಬಂತು. ಎರಡು ಕಿಲೋವ್ಯಾಟಿನ ಗೀಸರ್ ಕಾಲು ಗಂಟೆ ಓಡಿದರೆ ಅರ್ಧ ಯೂನಿಟ್. ನೆಂಟರ ಸ್ನಾನಕ್ಕೆ ಗಡಿ ದಾಟಿಹೋಗಿದೆ, ಅವಳಿಗೆ ತಿಳಿದದ್ದು ತಿಂಗಳು ಮುಗಿದ ಮೇಲೆ. ನೀವು ನೂರು ಯೂನಿಟ್ಟಿನ ಬಳಿ ತೆಗೆದುಹಾಕಿದ ಕಂದಕ ಇನ್ನೂರರ ಬಳಿ ಇನ್ನೂ ಆಳವಾಗಿ ಬಾಯ್ದೆರೆದಿದೆ.

ಇನ್ನೊಂದು ಅನ್ಯಾಯ ಇದಕ್ಕಿಂತ ಸೂಕ್ಷ್ಮವಾದದ್ದು. 2022-23ರಲ್ಲಿ ದೀಪ ಆರಿಸಿ, ಎಲ್‌ಇಡಿ ಹಾಕಿ, ಜೋಪಾನವಾಗಿದ್ದ ಮನೆಗೆ ಸರಾಸರಿ ಕಡಿಮೆ, ಹಾಗಾಗಿ ಅರ್ಹತೆಯೂ ಕಡಿಮೆ. ಧಾರಾಳವಾಗಿ ಉರಿಸಿದ ಮನೆಗೆ ಉಚಿತವೂ ಧಾರಾಳ. ಉಳಿಸಿದವರು ಪೆದ್ದರು ಎಂದು ಅಂಕಿಗಳೇ ಹೇಳುವಾಗ ಇಂಧನ ಉಳಿತಾಯದ ಭಿತ್ತಿಪತ್ರ ಯಾರಿಗಾಗಿ? ನೀವು ಸರ್ಕಾರಕ್ಕೆ ಸಲಹೆ ಕೊಡಬಲ್ಲ ಸ್ಥಾನದಲ್ಲಿದ್ದೀರಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯೇ ಆ ಅಧಿಕಾರ ಕೊಟ್ಟಿದೆ.

ಸೊನ್ನೆ ಬಿಲ್ಲಿನಿಂದ ಆದ ಇನ್ನೊಂದು ಪರಿಣಾಮವೆಂದರೆ ಜನ ಬಿಲ್ಲು ಓದುವುದನ್ನೇ ಬಿಟ್ಟರು. ಓದಿದರೂ ಎಷ್ಟು ಅರ್ಥವಾದೀತು? ಸಪೂರ ಕಾಗದದ ಮೇಲೆ, ಎರಡು ತಿಂಗಳಲ್ಲಿ ಮಾಸಿಹೋಗುವ ಶಾಯಿಯಲ್ಲಿ 'ಎಫ್‌ಪಿಪಿಸಿಎ' ಎಂದು ಅಚ್ಚಾಗಿರುತ್ತದೆ. ಇಂಧನದ ಬೆಲೆ ಮತ್ತು ವಿದ್ಯುತ್ ಖರೀದಿ ವೆಚ್ಚದಲ್ಲಿ ಆದ ಏರಿಳಿತವನ್ನು ಗ್ರಾಹಕರಿಗೆ ದಾಟಿಸುವ ಲೆಕ್ಕ ಅದು. ಕಲ್ಲಿದ್ದಲು ತುಟ್ಟಿಯಾದರೆ, ಮಳೆ ಕೈಕೊಟ್ಟು ಹೊರಗಿನಿಂದ ಹೆಚ್ಚು ಬೆಲೆಗೆ ಕೊಂಡರೆ ಅದು ಕೆಲವು ತಿಂಗಳ ಮೇಲೆ ನಮ್ಮ ಬಿಲ್ಲಿಗೆ ಬರುತ್ತದೆ. ಹೀಗೆ ನಾಲ್ಕು ಸಾಲು ಕನ್ನಡದಲ್ಲಿ ಬಿಲ್ಲಿನ ಹಿಂಬದಿಯಲ್ಲಿ ಬರೆದರೆ ಯಾರೂ ಬೇಡವೆನ್ನುವುದಿಲ್ಲ. ಮೊದಲು ಯಾವ ತಿಂಗಳ ಖರೀದಿಯ ಬಾಬ್ತು ಎಂಬುದನ್ನಾದರೂ ಬರೆಯಿಸಿ.

ಇನ್ನು ಪೂರೈಕೆ. 2025ರ ಮಾರ್ಚಿನಲ್ಲಿ ರಾಜ್ಯದ ಬೇಡಿಕೆ 18,000 ಮೆಗಾವ್ಯಾಟ್ ದಾಟಿತು. ಮಧ್ಯಾಹ್ನದ ಬೇಡಿಕೆಗೆ 2,050 ಮೆಗಾವ್ಯಾಟಿನ ಪಾವಗಡ ಸೋಲಾರ್ ಪಾರ್ಕ್ ಇದೆ, ಇತರ ಸೌರ ಘಟಕಗಳಿವೆ. ಸೂರ್ಯ ಮುಳುಗಿದ ಮೇಲೆ ಮನೆಮನೆಯ ದೀಪ, ಟಿವಿ, ಫ್ಯಾನ್ ಒಟ್ಟಿಗೆ ಹತ್ತಿದಾಗ ಆ ಭಾರ ಹೊರಬೇಕಾದದ್ದು ಶರಾವತಿ, ವಾರಾಹಿಯ ನೀರು, ರಾಯಚೂರು, ಬಳ್ಳಾರಿಯ ಕಲ್ಲಿದ್ದಲು. ನಮ್ಮ ಬೀದಿಯಲ್ಲಿ ಸಂಜೆ ಏಳಕ್ಕೆ ವೋಲ್ಟೇಜ್ ಕುಸಿದು ಟ್ಯೂಬ್‌ಲೈಟ್ ಮಿಣಮಿಣ ಎನ್ನುತ್ತದೆ, ನೀರಿನ ಮೋಟಾರು ಗೊರಗೊರ ಎಂದು ನಿಲ್ಲುತ್ತದೆ. ಅದೇ ಮೋಟಾರು ಮಧ್ಯಾಹ್ನ ಒಂದಕ್ಕೆ ತಕರಾರಿಲ್ಲದೆ ನೀರೆತ್ತುತ್ತದೆ. ಮೋಟಾರು, ಗ್ರೈಂಡರ್, ವಾಷಿಂಗ್ ಮೆಷಿನ್ ಮೂರನ್ನೂ ಮಧ್ಯಾಹ್ನಕ್ಕೆ ಸರಿಸುವುದು ಮನೆಯಲ್ಲಿರುವ ಹೆಂಗಸರಿಗೆ ಕಷ್ಟದ ಮಾತಲ್ಲ. ಆದರೆ ಸರಿಸಿದರೆ ಅವರಿಗೇನು ಲಾಭ? ಒಂದು ಗಂಟೆಗೂ ಅದೇ ದರ, ಏಳು ಗಂಟೆಗೂ ಅದೇ ದರ. ಸೌರ ಅವಧಿಯಲ್ಲಿ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20 ಕಡಿಮೆ ಇರಬೇಕೆಂದು ಕೇಂದ್ರ ಸರ್ಕಾರ 2023ರಲ್ಲೇ ನಿಯಮ ತಿದ್ದಿದೆ. ಅದಕ್ಕೆ ಸ್ಮಾರ್ಟ್ ಮೀಟರ್ ಬೇಕು, ಮೀಟರಿನ ದುಡ್ಡು ಯಾರದು ಎಂಬ ಜಗಳ ಬೇರೆ ಇದೆ. ಬೇಕೆನ್ನುವ ಮನೆಗಳಿಗಾದರೂ ಮೊದಲು ಕೊಡಿ. ಮೀಟರಿನ ಬೆಲೆಯನ್ನು ಕಂತಿನಲ್ಲಿ ವಸೂಲಿ ಮಾಡಲಿ.

ಕರೆಂಟು ಹೋದಾಗ ನಮಗೂ ಒಂದು ಹಕ್ಕಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಟ್ರಾನ್ಸ್‌ಫಾರ್ಮರ್ ಸುಟ್ಟರೆ ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಾಯಿಸಬೇಕೆಂದು ನಿಮ್ಮದೇ ಆಯೋಗದ ಕಾರ್ಯನಿರ್ವಹಣಾ ಮಾನದಂಡ ಹೇಳುತ್ತದೆ, ತಪ್ಪಿದರೆ ಪರಿಹಾರ. ಕೇಂದ್ರದ 2020ರ ಗ್ರಾಹಕ ಹಕ್ಕುಗಳ ನಿಯಮಗಳು ಆ ಪರಿಹಾರ ತಾನಾಗಿಯೇ ಜಮೆಯಾಗಬೇಕು ಎನ್ನುತ್ತವೆ. ಒಂದು ದಿನ ತಡವಾಗಿ ಬಿಲ್ಲು ಕಟ್ಟಿದರೆ ಬಡ್ಡಿ ತಾನಾಗಿಯೇ ಬಂದು ಕೂರುತ್ತದೆ. ಪರಿಹಾರಕ್ಕೆ ಮಾತ್ರ ಅರ್ಜಿ ಹಿಡಿದು ಅಲೆಯಬೇಕು. 1912ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ ಎಂದು ನಾನು ಅಕ್ಕಪಕ್ಕದವರಿಗೆ ಹೇಳುತ್ತಿರುತ್ತೇನೆ. ಸಂಖ್ಯೆ ಇಲ್ಲದ ದೂರು ಯಾವ ವೇದಿಕೆಯ ಮುಂದೆಯೂ ನಿಲ್ಲುವುದಿಲ್ಲ.

ದರ ಪರಿಷ್ಕರಣೆಗೆ ಮುನ್ನ ನೀವು ಸಾರ್ವಜನಿಕ ವಿಚಾರಣೆ ನಡೆಸುತ್ತೀರಿ. ಎಸ್ಕಾಂಗಳ ಅರ್ಜಿ ನೂರಾರು ಪುಟ, ಇಂಗ್ಲಿಷಿನಲ್ಲಿ. ಆಕ್ಷೇಪಣೆಗೆ ಅಫಿಡವಿಟ್ ಬೇಕು. ಎಫ್‌ಕೆಸಿಸಿಐ, ಕಾಸಿಯಾದಂಥ ಸಂಸ್ಥೆಗಳು ತಜ್ಞರನ್ನು ಕರೆತಂದು ಕೈಗಾರಿಕೆಯ ಪರ ಚೆನ್ನಾಗಿಯೇ ವಾದಿಸುತ್ತವೆ. ಅಡುಗೆಮನೆಯ ಪರವಾಗಿ ಮಾತಾಡುವವರು ಬೆರಳೆಣಿಕೆ. ಅರ್ಜಿಯ ಹತ್ತು ಪುಟದ ಕನ್ನಡ ಸಾರಾಂಶವನ್ನು ಪ್ರತಿ ಉಪವಿಭಾಗ ಕಚೇರಿಯಲ್ಲಿ ಇಡಿಸಿ. ಒಂದು ಅಂಚೆ ಕಾರ್ಡಿನಲ್ಲಿ ಬರೆದ ಆಕ್ಷೇಪಣೆಯನ್ನೂ ದಾಖಲಿಸಿಕೊಳ್ಳಿ.

ಅದಕ್ಕೂ ಮೊದಲು ಒಂದು ಸಣ್ಣ ಆದೇಶ ಮಾಡಿ. ಪ್ರತಿ ಬಿಲ್ಲಿನಲ್ಲೂ ಮಂಜೂರಾದ ಲೋಡ್ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಆ ಮನೆ ಎಳೆದ ಗರಿಷ್ಠ ಲೋಡ್ ಅಚ್ಚಾಗಲಿ. ಅದರ ಕೆಳಗೆ ಆ ತಿಂಗಳು ಆ ಫೀಡರಿನಲ್ಲಿ ಎಷ್ಟು ಗಂಟೆ ಕರೆಂಟಿರಲಿಲ್ಲ ಎಂಬ ಅಂಕಿ ಇರಲಿ. ಲೋಡ್ ಇಳಿಸಲು ಕಚೇರಿಗೆ ಹೋಗಬೇಕಿಲ್ಲದ, ಶುಲ್ಕವಿಲ್ಲದ ಒಂದು ದಾರಿ ಇರಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಮೊದಲನೆಯ ಅಂಕಿ ಮೀಟರಿನಲ್ಲೂ ಎರಡನೆಯದು ಸಬ್‌ಸ್ಟೇಷನ್ನಿನ ಪುಸ್ತಕದಲ್ಲೂ ಆಗಲೇ ಇವೆ. ಮುಂದಿನ ದರ ಆದೇಶದವರೆಗೆ ಕಾಯದೆ ಇದನ್ನು ಮಾಡಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗೃಹಬಳಕೆಯ ಒಬ್ಬ ಗ್ರಾಹಕಿ