ಇಸಬಿನ ಚಿಕಿತ್ಸೆಯನ್ನು ಮೆಡಿಕಲ್ ಅಂಗಡಿಗೆ ಬಿಡಬೇಡಿ

ಆಲಮಟ್ಟಿ ಸುತ್ತಲಿನ ಬಂಧುಗಳಲ್ಲಿ ನನ್ನದೊಂದು ವಿನಂತಿ: ಇಸಬು ಎದ್ದಾಗ ವೈದ್ಯರ ಚೀಟಿಯಿಲ್ಲದೆ ಯಾವ ಟ್ಯೂಬನ್ನೂ ತಂದು ಹಚ್ಚಬೇಡಿ. ನಮ್ಮ ಕಡೆ ಮೈ ತುರಿಸಿತೆಂದರೆ ಮೊದಲು ನೆನಪಾಗುವುದು ಮೆಡಿಕಲ್ ಅಂಗಡಿ. ಅಲ್ಲಿ ಸಿಗುವ ಪುಟ್ಟ ಟ್ಯೂಬಿನಲ್ಲಿ ಬಹಳ ಸಲ ಪ್ರಬಲ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯೋಟಿಕ್ ಮೂರೂ ಬೆರೆತಿರುತ್ತವೆ. ರೋಗ ಯಾವುದೆಂದು ತಿಳಿಯದಿದ್ದರೂ ಯಾವುದಾದರೊಂದು ತಾಗೀತು ಎಂಬ ಲೆಕ್ಕಾಚಾರವದು. ನಾಲ್ಕು ದಿನದಲ್ಲಿ ತುರಿಕೆ ತಗ್ಗುತ್ತದೆ, ಹಚ್ಚುವುದು ಬಿಟ್ಟೊಡನೆ ಮರುಕಳಿಸುತ್ತದೆ, ಮತ್ತೆ ಅದೇ ಟ್ಯೂಬು. ಹೀಗೆ ತಿಂಗಳುಗಟ್ಟಲೆ ನಡೆದರೆ ಚರ್ಮ ತೆಳುವಾಗುತ್ತದೆ, ಮುಖದ ಮೇಲೆ ಸಣ್ಣ ರಕ್ತನಾಳಗಳು ಕೆಂಪಗೆ ಕಾಣಿಸಿಕೊಳ್ಳುತ್ತವೆ, ತೊಡೆಸಂದಿಯಲ್ಲಿ ಮಾಯದ ಗೆರೆಗಳು ಬೀಳುತ್ತವೆ. ತುರಿಕೆ ಇಸಬಿನದಾಗಿರದೆ ಗಜಕರ್ಣದ್ದಾಗಿದ್ದರಂತೂ ಸ್ಟೀರಾಯ್ಡ್ ಬಲದಿಂದ ಶಿಲೀಂಧ್ರ ಒಳಗೊಳಗೇ ಹಬ್ಬಿ, ಉಂಗುರದ ಆಕಾರ ಮಾಸಿ, ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ.

ಇಸಬು ಅಂಟುರೋಗವಲ್ಲ, ರಕ್ತ ಕೆಟ್ಟು ಬರುವುದೂ ಅಲ್ಲ. ಚರ್ಮದ ಹೊರಪದರ ತೇವವನ್ನು ಹಿಡಿದಿಡಲಾರದೆ ಸೋತಾಗ, ಬೇಸಿಗೆಯ ಎರೆಹೊಲದಂತೆ ಅದು ಬಿರಿಯುತ್ತದೆ. ಆ ಬಿರುಕಿನಿಂದ ಸೋಪು, ದೂಳು, ರಸಾಯನಗಳು ಒಳಹೊಕ್ಕು ಉರಿಯೂತ ಎಬ್ಬಿಸುತ್ತವೆ. ಕೆಲವರಿಗೆ ಈ ದೌರ್ಬಲ್ಯ ಹುಟ್ಟಿನಿಂದಲೇ ಬಂದಿರುತ್ತದೆ. ಚರ್ಮವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯ ದೋಷಕ್ಕೂ ಇಸಬಿಗೂ ನಂಟಿರುವುದು 2006ರಲ್ಲಿ ಖಚಿತವಾಯಿತು. ಇನ್ನು ಕೆಲವರಿಗೆ ಇಸಬು ದುಡಿಮೆಯಿಂದಲೇ ಬರುತ್ತದೆ, ನಮ್ಮ ತಾಲ್ಲೂಕುಗಳಲ್ಲಿ ಅದಕ್ಕೆ ಕಾರಣಗಳು ಕಣ್ಣೆದುರೇ ಇವೆ. ಹಸಿ ಸಿಮೆಂಟಿನ ಕ್ರೋಮಿಯಂ ಗೌಂಡಿಗಳ ಕೈ ಒಡೆಸುತ್ತದೆ. ಬೆಳ್ಳುಳ್ಳಿ, ಉಳ್ಳಾಗಡ್ಡಿ ಹೆಚ್ಚುವವರ ಬೆರಳ ತುದಿ ಸಿಪ್ಪೆ ಏಳುತ್ತದೆ. ಕಾಲುವೆಯ ದಂಡೆ, ಹೊಲದ ಬದುಗಳಲ್ಲಿ ಬೆಳೆಯುವ ಕಾಂಗ್ರೆಸ್ ಕಸದ ಕಣಗಳು ಗಾಳಿಯಲ್ಲಿ ತೇಲಿಬಂದು ಕಣ್ಣೆವೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕುಳಿತು ತುರಿಕೆ ಹಚ್ಚುತ್ತವೆ. ಈ ಕಳೆಯನ್ನು ಕರ್ನಾಟಕ ಸರ್ಕಾರ 1975ರಲ್ಲೇ ಹಾನಿಕಾರಕವೆಂದು ಘೋಷಿಸಿತ್ತು. ಗಿಡ ಹೂ ಬಿಡುವ ಮುನ್ನವೇ, ಕೈಗವಸು ಹಾಕಿಕೊಂಡು ಕಿತ್ತುಹಾಕಬೇಕು. ಇಸಬು ಇದ್ದವರು ಆ ಕೆಲಸಕ್ಕೆ ಇಳಿಯಲೇಬಾರದು. ಕಾರಣ ಹೊಲದಲ್ಲಿ ಹಾಗೇ ಉಳಿದಿರುವಾಗ ಟ್ಯೂಬು ಎಷ್ಟು ದಿನ ಕಾದೀತು?

ಹಾಗಾದರೆ ಮಾಡಬೇಕಾದದ್ದೇನು? ಬಹುಪಾಲು ಕೆಲಸ ಅಗ್ಗದ್ದು, ಆದರೆ ದಿನನಿತ್ಯದ್ದು. ಬಿಸಿಬಿಸಿ ನೀರು ಬಿಟ್ಟು ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಬಟ್ಟೆ ಒಗೆಯುವ ಸೋಪನ್ನು ಮೈಗೆ ತಾಗಿಸಬೇಡಿ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈಯ ಪಸೆ ಆರುವ ಮೊದಲೇ ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ಧಾರಾಳವಾಗಿ ಹಚ್ಚಿ. ತುರಿಕೆ ಇಲ್ಲದ ದಿನವೂ ಇದನ್ನು ತಪ್ಪಿಸಬಾರದು. ಮಳೆ ಕಡಿಮೆ, ಚಳಿಗಾಲದ ಗಾಳಿ ಒಣ ಎನ್ನುವ ನಮ್ಮ ಸೀಮೆಯಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಮಕ್ಕಳ ಉಗುರು ಕತ್ತರಿಸಿಡಿ. ಇಂಡಿಯ ಲಿಂಬೆಗೆ ಎಷ್ಟೇ ಹೆಸರಿರಲಿ, ಅದರ ರಸವನ್ನು ತುರಿಕೆಯ ಮೇಲೆ ತಿಕ್ಕಬೇಡಿ. ರಸ ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟ ಗಾಯದಂತೆ ಬೊಬ್ಬೆ ಎದ್ದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಡಾಕ್ಟರು ದೂರ, ಒಂದು ದಿನದ ಕೂಲಿ ಹೋಗುತ್ತದೆ ಎಂಬ ಮಾತನ್ನು ನಾನು ತಳ್ಳಿಹಾಕಲಾರೆ. ಅಂಗಡಿಯ ಟ್ಯೂಬು ಹಬ್ಬಿರುವುದೇ ಆ ಕಷ್ಟದ ಬೆನ್ನೇರಿ. ಆದರೆ ತಿಂಗಳಿಗೊಂದರಂತೆ ವರ್ಷವಿಡೀ ಕೊಂಡ ಟ್ಯೂಬುಗಳ ಹಣವನ್ನೂ ಕೂಡಿಸಿ ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಅಲ್ಲಿ ತೀರ್ಮಾನವಾಗದಿದ್ದರೆ ವಿಜಯಪುರದ ಜಿಲ್ಲಾ ಆಸ್ಪತ್ರೆಗೋ ವಿಜಯಪುರ, ಬಾಗಲಕೋಟೆಗಳ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಕ್ಕೋ ಹೋಗಿ. ಸ್ಟೀರಾಯ್ಡ್ ವಿಷ, ಅದು ಬೇಡವೇ ಬೇಡ ಎನ್ನುವವರೂ ಇದ್ದಾರೆ, ಅದೂ ಸರಿಯಲ್ಲ. ಇಸಬು ಉಲ್ಬಣಿಸಿದಾಗ ವೈದ್ಯರು ಬರೆದ ಸ್ಟೀರಾಯ್ಡ್ ಮುಲಾಮೇ ಮುಖ್ಯ ಔಷಧ. ತೋರುಬೆರಳ ಮೊದಲ ಗೆಣ್ಣಿನಷ್ಟು ಉದ್ದಕ್ಕೆ ಹಿಂಡಿದ ಮುಲಾಮು ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಮುಖಕ್ಕೆ ಎಷ್ಟು ಸೌಮ್ಯದ್ದು, ಒಡೆದ ಹಿಮ್ಮಡಿಗೆ ಎಷ್ಟು ಪ್ರಬಲದ್ದು, ಎಷ್ಟು ದಿನ ಎಂಬುದನ್ನು ಪರೀಕ್ಷೆ ಮಾಡಿದವರಷ್ಟೇ ಹೇಳಬಲ್ಲರು. ನಂಜು ಎಂದು ಮಗುವಿಗೆ ಹಾಲು, ಮೊಟ್ಟೆ, ಬೇಳೆ ಎಲ್ಲ ಬಿಡಿಸಿದರೆ ಇಸಬು ಹೋಗುವುದಿಲ್ಲ, ಮಗು ಸೊರಗುತ್ತದೆ. ಆಹಾರದ ಅಲರ್ಜಿ ಇದೆಯೆಂದು ವೈದ್ಯರು ಖಚಿತಪಡಿಸಿದ ಪದಾರ್ಥವನ್ನಷ್ಟೇ ಬಿಡಿಸಿ.

ಅಂಗಡಿಯವರಲ್ಲೂ ಕೇಳಿಕೊಳ್ಳುತ್ತೇನೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳಿಗಿದ್ದ ವಿನಾಯಿತಿಯನ್ನು ತೆಗೆದು, ಚೀಟಿಯಿಲ್ಲದೆ ಮಾರಬಾರದ ಔಷಧಗಳ ಸಾಲಿಗೆ ಸೇರಿಸಿತು. ದಯವಿಟ್ಟು ಅದನ್ನು ಪಾಲಿಸಿ. ಈಗಾಗಲೇ ಬಹಳ ದಿನದಿಂದ ಟ್ಯೂಬು ಹಚ್ಚುತ್ತಿರುವವರು ಅದನ್ನು ಮುಚ್ಚಿಡಬೇಡಿ. ಒಮ್ಮೆಲೇ ನಿಲ್ಲಿಸಿದರೆ ಉರಿ, ಕೆಂಪು ಇಮ್ಮಡಿಯಾಗಬಹುದು. ಖಾಲಿ ಟ್ಯೂಬನ್ನೂ ಅದರ ಡಬ್ಬಿಯನ್ನೂ ಜೊತೆಗೊಯ್ದು ವೈದ್ಯರ ಮೇಜಿನ ಮೇಲಿಡಿ. ಕೀವು ತುಂಬಿದರೆ, ಜ್ವರದೊಂದಿಗೆ ನೀರುಗುಳ್ಳೆ ಎದ್ದರೆ ಅದೇ ದಿನ ಆಸ್ಪತ್ರೆಗೆ ಹೊರಡಿ.