ಚಟಕ್ಕೆ ಲಸಿಕೆ ಬರಲಿ, ಬಲವಂತ ಬೇಡ



ನಮ್ಮ ಹಿರಿಯರು ಮೈಲಿಬೇನೆಗೆ ಲಸಿಕೆ ಹಾಕಿಸಿಕೊಂಡರು; ಆ ಬೇನೆ ಭೂಮಿಯಿಂದಲೇ ತೊಲಗಿತು. ಈಗ ಅಫೀಮಿನ ಜಾತಿಯ ಅಮಲುಗಳಿಗೂ ಲಸಿಕೆ ಕಂಡುಹಿಡಿಯಲು ಅಮೆರಿಕದ ವಿಜ್ಞಾನಿಗಳು ದುಡಿಯುತ್ತಿದ್ದಾರೆ. ಅದು ಡಾಕ್ಟರರ ವಿಷಯ, ಹೋಟೆಲು ಮಿಲ್ಲುಗಳವರಿಗೇಕೆ ಎಂದು ಕೆಲವರು ಕೇಳಬಹುದು. ಈ ಅಮಲಿಗೆ ಯಾರು ಬಲಿಯಾಗುತ್ತಾರೆಂಬುದನ್ನು ನೋಡಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

1996ರಲ್ಲಿ ಅಮೆರಿಕದ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಗುಳಿಗೆಯನ್ನು ಮಾರಾಟಕ್ಕೆ ತಂದಿತು. ಇದರಿಂದ ಚಟ ಹತ್ತುವ ಭಯ ಕಡಿಮೆ ಎಂದು ಡಾಕ್ಟರರನ್ನು ನಂಬಿಸಿತು. ಈ ಮೋಸಕ್ಕಾಗಿ ಅದರ ಅಂಗಸಂಸ್ಥೆ 2007ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಗುಳಿಗೆಯ ಹಿಂದೆ ಹೆರಾಯಿನ್, ಹೆರಾಯಿನ್ನಿನ ಹಿಂದೆ ಅದಕ್ಕಿಂತ ಸುಮಾರು 50 ಪಟ್ಟು ಪ್ರಬಲವಾದ ಫೆಂಟನಿಲ್ ಬಂತು. 2022ರ ಒಂದೇ ವರ್ಷದಲ್ಲಿ ಆ ದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಮಂದಿ ಮಾದಕಗಳ ಪ್ರಮಾಣ ಮಿತಿಮೀರಿ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಈ ಜಾತಿಯ ಅಮಲೇ.

ಮ್ಯಾಸಚೂಸೆಟ್ಸ್ ರಾಜ್ಯದ ಆರೋಗ್ಯ ಇಲಾಖೆ 2011ರಿಂದ 2015ರ ವರೆಗಿನ ಇಂಥ ಸಾವುಗಳನ್ನು ಕಸುಬಿನ ಪ್ರಕಾರ ಲೆಕ್ಕ ಹಾಕಿತು. ಕಟ್ಟಡ ಕಾರ್ಮಿಕರ ಸಾವಿನ ಪ್ರಮಾಣ ಸರಾಸರಿಯ ಆರು ಪಟ್ಟು ಇತ್ತು. ಕೆಲಸದಲ್ಲಿ ಗಾಯ ಹೆಚ್ಚು, ಪಗಾರಸಹಿತ ರಜೆ ಕಡಿಮೆ, ನೌಕರಿಗೆ ಭದ್ರತೆಯಿಲ್ಲ. ಇಂಥ ಕಸುಬುಗಳಲ್ಲೇ ಸಾವು ಹೆಚ್ಚಾಗಿತ್ತು. ಬಂಧುಗಳೇ, ಇದು ಯಾರ ಕಥೆಯೆಂದು ನಿಮಗೆ ಬಿಡಿಸಿ ಹೇಳಬೇಕೆ?

ನಮ್ಮ ಮುಂಬಯಿಗೂ ಈ ಪಿಡುಗು ಹೊಸದಲ್ಲ. ಗರ್ದ್ ಎಂಬ ಹೆಸರು ಇಲ್ಲಿನ ಗಲ್ಲಿಗಳಿಗೆ ಗೊತ್ತು. ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸುಮಾರು 2.26 ಕೋಟಿ ಜನ ಈ ಜಾತಿಯ ಅಮಲನ್ನು ಬಳಸುತ್ತಿದ್ದರು. ಸುಮಾರು 77 ಲಕ್ಷ ಮಂದಿಗೆ ಚಿಕಿತ್ಸೆಯ ನೆರವು ಬೇಕಾಗಿತ್ತು.

ಇನ್ನು ಲಸಿಕೆಯ ವಿಚಾರ. ಅಮಲಿನ ಕಣ ಬಹಳ ಚಿಕ್ಕದಾದ್ದರಿಂದ ದೇಹದ ಕಾವಲು ಅದನ್ನು ಗುರುತಿಸುವುದಿಲ್ಲ. ಆದುದರಿಂದ ಅದರ ಒಂದು ರೂಪವನ್ನು ದೊಡ್ಡ ಪ್ರೋಟೀನಿಗೆ ಅಂಟಿಸಿ ಚುಚ್ಚುತ್ತಾರೆ. ಆಗ ದೇಹವು ಪ್ರತಿಕಾಯಗಳನ್ನು ತಯಾರಿಸುತ್ತದೆ. ಮುಂದೆ ಅಮಲು ರಕ್ತಕ್ಕೆ ಇಳಿದಾಗ ಇವು ಅದನ್ನು ಹಿಡಿದಿಟ್ಟು ಮಿದುಳಿಗೆ ಹೋಗದಂತೆ ತಡೆಯುತ್ತವೆ. ಮಿದುಳಿಗೆ ಹೋಗದಿದ್ದರೆ ಮತ್ತೂ ಇಲ್ಲ, ಉಸಿರು ನಿಲ್ಲುವುದೂ ಇಲ್ಲ. 1974ರಲ್ಲೇ ಒಂದು ಕೋತಿಯ ಮೇಲೆ ಈ ಪ್ರಯೋಗ ನಡೆದಿತ್ತು. 2022ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾನಿಲಯದವರು ಇಲಿಗಳಲ್ಲಿ ಫೆಂಟನಿಲ್ಲನ್ನು ಹೀಗೆ ತಡೆದು ತೋರಿಸಿದರು. ಆದರೆ ಇಲಿ ಬೇರೆ, ಮನುಷ್ಯ ಬೇರೆ. ಇದೇ ತತ್ತ್ವದ ಮೇಲೆ ತಂಬಾಕಿನ ನಿಕೋಟಿನಿಗೆ ಮಾಡಿದ ಲಸಿಕೆ 2011ರಲ್ಲಿ ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಯಲ್ಲಿ ಸೋತಿತು.

ಲಸಿಕೆಗೆ ಮಿತಿಗಳೂ ಇವೆ. ಫೆಂಟನಿಲ್ಲಿಗೆ ಮಾಡಿದ್ದು ಮಾರ್ಫಿನನ್ನು ಹಿಡಿಯುವುದಿಲ್ಲ. ಕಾಲು ಮುರಿದು ಆಸ್ಪತ್ರೆ ಸೇರಿದವನಿಗೆ ಅದು ಒಳ್ಳೆಯದೇ, ಡಾಕ್ಟರರು ಮಾರ್ಫಿನ್ ಕೊಟ್ಟು ನೋವು ಇಳಿಸಬಹುದು. ಆದರೆ ಅಮಲು ಹುಡುಕುವವನಿಗೂ ಬೇರೆ ದಾರಿ ತೆರೆದೇ ಇರುತ್ತದೆ. ಪ್ರತಿಕಾಯಗಳು ಕಾಲಕ್ರಮೇಣ ಕುಗ್ಗುವುದರಿಂದ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸಬೇಕು. ಮೇಲಾಗಿ, ಲಸಿಕೆ ಮತ್ತನ್ನು ತಡೆದೀತೇ ಹೊರತು ಮನಸ್ಸಿನ ಹಂಬಲವನ್ನಲ್ಲ, ಸೊಂಟದ ನೋವನ್ನಂತೂ ಅಲ್ಲವೇ ಅಲ್ಲ.

ಚಟಕ್ಕೆ ಬಿದ್ದವನಿಗೆ ಬುದ್ಧಿಯೆಲ್ಲಿ, ಹೆಂಡಿರು ಮಕ್ಕಳ ಗತಿಯೇನು, ಹಿಡಿದು ಚುಚ್ಚಿಸುವುದೇ ದಯೆ ಎನ್ನುವವರೂ ಇರುವರು. ಆ ಮನೆಗಳ ಕಣ್ಣೀರು ನಮಗೂ ಗೊತ್ತು. ಆದರೂ ಬಲವಂತವನ್ನು ನಾವು ಒಪ್ಪುವುದಿಲ್ಲ. ಮನಸ್ಸಿಲ್ಲದವನಿಗೆ ಒಂದು ಅಮಲಿನ ಲಸಿಕೆ ಹಾಕಿದರೆ ಅವನು ಇನ್ನೊಂದಕ್ಕೆ ತಿರುಗಬಹುದು, ಇಲ್ಲವೆ ತಡೆಯನ್ನು ಮೀರಲೆಂದು ಪ್ರಮಾಣ ಹೆಚ್ಚಿಸಬಹುದು. ಕಾಪಾಡಬೇಕಾದ ಸೂಜಿಯೇ ಆಗ ಕುತ್ತಾದೀತು. ಪ್ರತಿಕಾಯ ಇದೆಯೋ ಇಲ್ಲವೋ ಎಂಬುದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ನಾಳೆ ಧಣಿಗಳು ಕೆಲಸ ಕೊಡುವ ಮೊದಲು ಆ ಕಾಗದವನ್ನು ಕೇಳಿದರೆ, ಗುಣವಾದವನಿಗೂ ಕಳಂಕ ತಪ್ಪುವುದಿಲ್ಲ. ಲಸಿಕೆ ಕಾರ್ಮಿಕನ ಗುರಾಣಿಯಾಗಲಿ, ಧಣಿಯ ಕೈಯ ಬೀಗವಾಗುವುದು ಬೇಡ.

ಲಸಿಕೆ ಬರುವ ತನಕ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ನಾಲಗೆಯ ಅಡಿ ಇಡುವ ಬುಪ್ರೆನಾರ್ಫಿನ್ ಗುಳಿಗೆ ಹಂಬಲವನ್ನು ತಗ್ಗಿಸುತ್ತದೆ. ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಅದನ್ನು ಕೊಡುತ್ತಾರೆ. ಮಿತಿಮೀರಿ ಉಸಿರು ಕಟ್ಟಿದವನನ್ನು ನಾಲೊಕ್ಸೋನ್ ಎಂಬ ಮದ್ದು ಹೊತ್ತಿಗೆ ಸರಿಯಾಗಿ ಕೊಟ್ಟರೆ ಬದುಕಿಸುತ್ತದೆ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಲಸಿಕೆ ಬಂದಾಗ ಅದು ಬಡವನಿಗೂ ಸಿಗಬೇಕು, ಅವನ ಒಪ್ಪಿಗೆಯಿಂದಲೇ ಹಾಕಬೇಕು. ಚಿಕಿತ್ಸೆಗೆ ಹೋದವನ ಕೆಲಸ ಉಳಿಯಬೇಕು. ಭಟ್ಟಿಯ ಮುಂದೆ ಹನ್ನೆರಡು ಗಂಟೆ ನಿಲ್ಲುವವನಿಗೆ, ರಾತ್ರಿ ಪಾಳಿಯಲ್ಲಿ ಬೆನ್ನು ಮುರಿಯುವವನಿಗೆ ವಿಶ್ರಾಂತಿಯೂ ರಜೆಯೂ ದೊರೆಯಬೇಕು. ನಿಮ್ಮ ಖೋಲಿಯಲ್ಲಿ ಯಾರಾದರೂ ಈ ಬಲೆಗೆ ಬಿದ್ದಿದ್ದರೆ ಹೀಯಾಳಿಸಬೇಡಿ, ಊರಿಗೆ ಅಟ್ಟಬೇಡಿ. ಚಿಕಿತ್ಸೆಗೆ ಕರೆದುಕೊಂಡು ಹೋಗಿರಿ. ಸಂಘ ನಿಮ್ಮ ಜೊತೆಗಿದೆ.