ಎರಡನೇ ಇನ್ನಿಂಗ್ಸ್ ಇಲ್ಲದ ಆಟ

ದೇವರಾಜ ಮಾರುಕಟ್ಟೆಯ ಹತ್ತಿರ ನಾನು ದಿನಸಿ ತರುವ ಅಂಗಡಿಯೊಂದಿದೆ. ಐಪಿಎಲ್ ಶುರುವಾಯಿತೆಂದರೆ ಸಂಜೆ ಏಳೂವರೆಗೆ ಸರಿಯಾಗಿ ತಕ್ಕಡಿಯ ಪಕ್ಕ ಮೊಬೈಲು ಒರಗಿ ನಿಲ್ಲುತ್ತದೆ. ಯಜಮಾನರ ಒಂದು ಕಣ್ಣು ಬೇಳೆಯ ಮೇಲೆ, ಇನ್ನೊಂದು ಬ್ಯಾಟಿನ ಮೇಲೆ. ಗಿರಾಕಿಗಳೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅರ್ಧ ಕೇಜಿ ತೊಗರಿಬೇಳೆಗೆ ಬಂದವರು ಎರಡು ಓವರ್ ನೋಡಿಕೊಂಡೇ ಬಸ್ಸಿಗೆ ಹೋಗುತ್ತಾರೆ.

ಒಂದು ಸಂಜೆ ಅಲ್ಲಿ ನಿಂತು ಸುಮ್ಮನೆ ಕೇಳಿದೆ. 'ಯಜಮಾನ್ರೆ, 2024ರ ಏಪ್ರಿಲ್ 15ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೈದರಾಬಾದಿನವರು ನಮ್ಮ ಆರ್‌ಸಿಬಿ ಮೇಲೆ 287 ಹೊಡೆದರಲ್ಲ, ನಮ್ಮವರು 262 ಹೊಡೆದೂ ಸೋತರಲ್ಲ, ಆವತ್ತು ಎರಡೂ ಕಡೆ ಸೇರಿ 38 ಸಿಕ್ಸರ್ ಬಂತು. ಅದರಲ್ಲಿ ಒಂದಾದರೂ ನಿಮಗೆ ನೆನಪಿದೆಯಾ?'

ಯಜಮಾನರು ತಲೆ ಕೆರೆದುಕೊಂಡರು. 'ದಿನೇಶ್ ಕಾರ್ತಿಕ್ ಏನೋ ಚೆನ್ನಾಗಿ ಹೊಡೆದ ಕಣ್ರೀ' ಅಂದರು. ಯಾವ ಬಾಲು, ಯಾರ ಬೌಲಿಂಗು, ಊಹೂಂ.

'ಹೋಗಲಿ, 2010ರ ಸಂಕ್ರಾಂತಿ ದಿನ, ಗಂಗೋತ್ರಿಯಲ್ಲಿ?' ಅಂದೆ.

ತಕ್ಕಡಿ ನಿಂತಿತು. 'ಆರು ರನ್ ಸ್ವಾಮಿ, ಆರೇ ಆರು ರನ್ನು' ಅಂದರು. ಇಷ್ಟು ವರ್ಷವಾದರೂ ಆ ಸಂಕಟ ಮುಖ ಬಿಟ್ಟು ಹೋಗಿಲ್ಲ.

ಗೊತ್ತಿಲ್ಲದ ಹುಡುಗರಿಗೆ ಹೇಳಬೇಕು. ಅದು ರಣಜಿ ಟ್ರೋಫಿ ಫೈನಲ್. ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕಕ್ಕೂ ಮುಂಬಯಿಗೂ ಪಂದ್ಯ. ಮುಂಬಯಿ ಮೊದಲು 233. ನಮ್ಮವರು ಬರೀ 130ಕ್ಕೆ ಮಕಾಡೆ ಮಲಗಿದರು. ಊರಿನ ಅರ್ಧ ಜನ 'ಮುಗೀತು ಬಿಡ್ರೀ' ಅಂದುಕೊಂಡು ಮನೆಗೆ ಹೋದರು. ಆಮೇಲೆ ಅಭಿಮನ್ಯು ಮಿಥುನ್ ಆರು ವಿಕೆಟ್ ಕಿತ್ತ, ಮುಂಬಯಿ 234ಕ್ಕೆ ನಿಂತಿತು. ಗೆಲ್ಲಲು 338 ಬೇಕು. ಇಪ್ಪತ್ತು ವರ್ಷದ ಮನೀಶ್ ಪಾಂಡೆ 144 ಹೊಡೆದ. ಸುದ್ದಿ ಬಾಯಿಂದ ಬಾಯಿಗೆ ಹರಡಿ, ಮನೆಗೆ ಹೋದವರೆಲ್ಲ ಓಡಿ ಬಂದರು. ನಿಲ್ಲಲು ಜಾಗವಿಲ್ಲದೆ ಮರ ಹತ್ತಿದವರೂ ಉಂಟು. ಕೊನೆಗೆ 331ಕ್ಕೆ ಆಲೌಟ್. ಎಳ್ಳು ಬೆಲ್ಲ ತಿಂದ ಬಾಯಿ ಆವತ್ತು ಕಹಿಯಾಯಿತು.

ಸೋತ ಪಂದ್ಯ ಅದು. ಆದರೂ ಊರು ಮರೆತಿಲ್ಲ. ಯಾಕೆ ಅಂತ ಯೋಚಿಸಿದಾಗಲೇ ಇಪ್ಪತ್ತು ಓವರಿನ ಆಟದ ಬಗ್ಗೆ ನನಗಿರುವ ಅನುಮಾನ ನನಗೇ ಸ್ಪಷ್ಟವಾಯಿತು. 130ಕ್ಕೆ ಬಿದ್ದ ತಂಡಕ್ಕೆ ಇನ್ನೊಂದು ಅವಕಾಶ ಇತ್ತು. ಎದ್ದು ನಿಂತಿತು. ಇಪ್ಪತ್ತು ಓವರಿನ ಆಟದಲ್ಲಿ ಬಿದ್ದವನಿಗೆ ಆ ದಿನ ಏಳುವ ದಾರಿಯಿಲ್ಲ. ಅಲ್ಲಿ ಎರಡನೇ ಇನ್ನಿಂಗ್ಸೇ ಇಲ್ಲ.

ಇವನೊಬ್ಬ ಹಳೇ ಕಾಲದ ಗೊಣಗುವ ಮುದುಕ ಅಂತ ಪತ್ರಿಕೆ ಮಡಚಬೇಡಿ. ಹಿಂದೆ ಒಂದು ದಿನದ ಆಟಕ್ಕೂ ಹಿರಿಯರು ಹೀಗೇ ಮೂಗು ಮುರಿದಿದ್ದರು. 1975ರ ಮೊದಲ ವಿಶ್ವಕಪ್ಪಿನಲ್ಲಿ ನಮ್ಮ ಗವಾಸ್ಕರ್ 174 ಬಾಲ್ ಆಡಿ 36 ರನ್ ಹೊಡೆದು ಔಟಾಗದೆ ಬಂದರು. ಆ ಆಟ ನಮಗೆ ತಿಳಿದೇ ಇರಲಿಲ್ಲ. ಎಂಟೇ ವರ್ಷ, 1983ರಲ್ಲಿ ಕಪ್ ನಮ್ಮ ಕೈಲಿ. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದವರು ನಮ್ಮ ರೋಜರ್ ಬಿನ್ನಿ. ಸ್ಟಂಪಿನ ಹಿಂದೆ ನಮ್ಮ ಕಿರ್ಮಾನಿ. ಮೂಗು ಮುರಿದವರೇ ಪಟಾಕಿ ಹೊಡೆದರು. ಇಪ್ಪತ್ತು ಓವರಿನದ್ದೂ ಅದೇ ಕಥೆ. 2003ರಲ್ಲಿ ಇಂಗ್ಲೆಂಡಿನ ಕೌಂಟಿಗಳು ಖಾಲಿ ಮೈದಾನ ತುಂಬಿಸಲು ಇದನ್ನು ಶುರು ಮಾಡಿದಾಗ ನಮ್ಮ ಮಂಡಳಿಗೆ ಇದು ಬೇಡವಾಗಿತ್ತು. 2007ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಪಾಕಿಸ್ತಾನದ ಮೇಲೆ ಐದು ರನ್ನಿನಿಂದ ಗೆದ್ದದ್ದೇ ತಡ, ಮರು ವರ್ಷವೇ ಐಪಿಎಲ್ ಬಂತು.

ಒಳ್ಳೇದನ್ನೂ ಹೇಳೋಣ. ಇದು ದುಡಿಯುವವನ ಆಟ. ನಾಲ್ಕು ದಿನ ಅಂಗಡಿ ಮುಚ್ಚಿ ಯಾರು ಕೂರುತ್ತಾರೆ? ಕೆಲಸ ಮುಗಿಸಿ, ಬಸ್ಸು ಹಿಡಿದು, ಊಟದ ತಟ್ಟೆ ಮುಂದಿಟ್ಟುಕೊಂಡು ನೋಡಿ, ಮಲಗುವ ಹೊತ್ತಿಗೆ ಸೋಲು ಗೆಲುವು ತಿಳಿಯುತ್ತದೆ. ಮನೆಯ ಹೆಂಗಸರು ಮಕ್ಕಳೂ ಜೊತೆಗೆ ಕೂರುತ್ತಾರೆ. 2025ರ ಜೂನ್ 3ರ ರಾತ್ರಿ, ಹದಿನೆಂಟನೇ ಸಲಕ್ಕೆ ಆರ್‌ಸಿಬಿ ಗೆದ್ದಾಗ ನಾನೂ ಬೀದಿಗೆ ಬಂದು ಕೂಗಿದವನೇ. ದುಡ್ಡೂ ಬಂತು. 2023ರಿಂದ 2027ರವರೆಗೆ ಐಪಿಎಲ್ ಪ್ರಸಾರದ ಹಕ್ಕು ಮಾತ್ರ 48,390 ಕೋಟಿಗೆ ಹೋಯಿತು. ರಣಜಿ ಆಡುವವನಿಗೆ ದಿನಕ್ಕೆ 35 ಸಾವಿರ ಇದ್ದದ್ದನ್ನು 2021ರಲ್ಲಿ 40ರಿಂದ 60 ಸಾವಿರಕ್ಕೆ ಏರಿಸಲು ಮಂಡಳಿಗೆ ಕೈ ಬಂದದ್ದು ಇಂಥ ಸಂಪಾದನೆಯಿಂದಲೇ. ಅನ್ನ ಹಾಕುವ ಮನೆಯನ್ನು ಬೈಯಬಾರದು.

ಆದರೂ ಅನುಮಾನ ಅನುಮಾನವೇ. ವ್ಯಾಪಾರಸ್ಥರಿಗೆ ವ್ಯಾಪಾರದ ಲೆಕ್ಕದಲ್ಲೇ ಹೇಳುತ್ತೇನೆ. ತಂಡದ ಹತ್ತು ವಿಕೆಟ್ಟೇ ಬಂಡವಾಳ. ಟಿ20ಯಲ್ಲಿ ಆ ಬಂಡವಾಳ ಖರ್ಚು ಮಾಡಲು ಇರುವುದು 120 ಬಾಲು. ಅಂದರೆ ಒಂದು ವಿಕೆಟ್ಟಿಗೆ ಹನ್ನೆರಡೇ ಬಾಲು. ಉಳಿಸಿಕೊಂಡು ಪ್ರಯೋಜನವಿಲ್ಲ, ಬಾಚಿ ಬಾಚಿ ಖರ್ಚು ಮಾಡಿದವನೇ ಜಾಣ. ಸಾಲದು ಅಂತ 2023ರಿಂದ ಐಪಿಎಲ್‌ನಲ್ಲಿ ಇಂಪ್ಯಾಕ್ಟ್ ಪ್ಲೇಯರ್ ಅಂತ ಇನ್ನೊಬ್ಬನನ್ನು ಕೊಟ್ಟರು. ಬಂಡವಾಳ ಇನ್ನೂ ಅಗ್ಗವಾಯಿತು. ನಾಲ್ಕು ದಿನದ ಆಟದಲ್ಲಿ ಹಾಗಲ್ಲ. ಅಲ್ಲಿ ಒಂದು ವಿಕೆಟ್ ಕಳಕೊಂಡರೆ ಅಂಗಡಿಯ ಒಂದು ಗೋಡೆ ಬಿದ್ದ ಹಾಗೆ. ಅಂಗಡಿ ಇಟ್ಟು ಬಾಳುವವರಿಗೆ ಯಾವ ಆಟ ಹತ್ತಿರ ಅಂತ ನೀವೇ ಹೇಳಿ.

ಇನ್ನು ಬೌಲರ್ ಪಾಡು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ 1999ರಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಕಿತ್ತರು, ಎರಡನೇ ಇನ್ನಿಂಗ್ಸಿನಲ್ಲೇ 86 ರನ್ನಿಗೆ ಎಂಟು. ಅದೇ ವರ್ಷ ಗದಗದ ಸುನಿಲ್ ಜೋಶಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ ಹತ್ತು ಓವರಿನಲ್ಲಿ ಆರು ಮೇಡನ್, ಆರೇ ರನ್, ಐದು ವಿಕೆಟ್. ಅದು ಒಂದು ದಿನದ ಪಂದ್ಯ. ಇಪ್ಪತ್ತು ಓವರಿನಲ್ಲಿ ಬೌಲರ್‌ಗೆ ಸಿಗುವುದು ನಾಲ್ಕೇ ಓವರು. ಇಪ್ಪತ್ತನಾಲ್ಕು ಬಾಲು ಹಾಕುವಷ್ಟರಲ್ಲಿ ಅವನ ಕೂಲಿ ಮುಗಿಯಿತು. ಚೆನ್ನಾಗಿ ಹಾಕುತ್ತಿರುವವನನ್ನು ಬಲವಂತವಾಗಿ ಕೂರಿಸುವ ಆಟ, ಚೆನ್ನಾಗಿ ಹೊಡೆಯುತ್ತಿರುವವನನ್ನು ಮಾತ್ರ ಕೂರಿಸುವುದಿಲ್ಲ. ಇದು ಯಾವ ನ್ಯಾಯ?

ಪಂಚಾಂಗವೂ ಬದಲಾಗಿದೆ. ಬೇಸಿಗೆಯ ಎರಡು ತಿಂಗಳು ಐಪಿಎಲ್‌ಗೆ ಅಂತ ಬಿಟ್ಟದ್ದಾಯಿತು. ಈಗ ರಣಜಿಯನ್ನೇ ಎರಡು ತುಂಡು ಮಾಡಿದ್ದಾರೆ. 2024-25ರಲ್ಲಿ ಒಂದಷ್ಟು ಲೀಗ್ ಆಡಿಸಿ, ನಡುವೆ ಟಿ20 ಮತ್ತು ಒಂದು ದಿನದ ಟೂರ್ನಿಗಳನ್ನು ತುರುಕಿ, ಆಮೇಲೆ ಉಳಿದದ್ದನ್ನು ಆಡಿಸಿದರು. ಕರ್ನಾಟಕ 1973-74ರಲ್ಲಿ ಮೊದಲ ಸಲ ರಣಜಿ ಗೆದ್ದದ್ದು, ಸೆಮಿಫೈನಲ್‌ನಲ್ಲಿ ಮುಂಬಯಿಯನ್ನು ಮಣಿಸಿದ್ದು, ಆಗಿನ ಹುಡುಗರಿಗೆ ಬಾಯಿಪಾಠವಾಗಿತ್ತು. 2014-15ರಲ್ಲಿ ಎಂಟನೇ ಸಲ ಗೆದ್ದಾಗ ಎಷ್ಟು ಅಂಗಡಿಯಲ್ಲಿ ಅದರ ಮಾತು ಬಂತು? ಫೈನಲ್‌ನಲ್ಲಿ 328 ಹೊಡೆದ ಹುಡುಗ ಯಾರು ಅಂತ ಬಸ್ಸಿನಲ್ಲಿ ಪಕ್ಕದವರನ್ನು ಕೇಳಿ ನೋಡಿ. ಕರುಣ್ ನಾಯರ್ ಅಂತ ಹತ್ತರಲ್ಲಿ ಇಬ್ಬರು ಹೇಳಿದರೆ ಹೆಚ್ಚು.

ಇನ್ನೊಂದು ಮಾತು, ಎಲ್ಲರಿಗೂ ಗೊತ್ತಿದ್ದೂ ಯಾರೂ ಜೋರಾಗಿ ಆಡದ ಮಾತು. ಬೆಟ್ಟಿಂಗು. ದಿನಾ ಮ್ಯಾಚು, ಮೂರೂವರೆ ಗಂಟೆಯಲ್ಲಿ ತೀರ್ಮಾನ, ಬಾಲಿಗೊಂದು ಬಾಜಿ. ನಾಲ್ಕು ದಿನದ ಆಟಕ್ಕೆ ದುಡ್ಡು ಕಟ್ಟುವವನಿಗೆ ನಡುವೆ ರಾತ್ರಿ ಮಲಗಿ ಯೋಚಿಸಲು ಸಮಯವಿರುತ್ತದೆ. ಇಲ್ಲಿ ಅದೂ ಇಲ್ಲ. ನನಗೆ ಗೊತ್ತಿರುವ ಒಬ್ಬ ಹುಡುಗ, ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು, ಒಂದೇ ಸೀಸನ್ನಿನಲ್ಲಿ ಆರು ತಿಂಗಳ ಸಂಬಳ ಕಳೆದ. ಇವತ್ತು ಹೋದದ್ದು ನಾಳೆ ಬರುತ್ತೆ ಅಂತ ಸಾಲ ಮಾಡಿದ. ತಾಯಿಯ ಓಲೆ ಗಿರವಿ ಅಂಗಡಿ ಸೇರಿತು. ಅವನಿಗೂ ಎರಡನೇ ಇನ್ನಿಂಗ್ಸ್ ಸಿಗಲಿಲ್ಲ, ಊರು ಬಿಟ್ಟು ಹೋದ.

ನಮ್ಮ ರಾಜ್ಯದ ಹಣೆಬರಹವೂ ಇದರಲ್ಲಿದೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಫಿಕ್ಸಿಂಗ್ ಪ್ರಕರಣದಲ್ಲಿ ಬೆಂಗಳೂರು ಸಿಸಿಬಿ ಪೊಲೀಸರು ಆಟಗಾರರನ್ನೂ ಒಬ್ಬ ತಂಡದ ಮಾಲೀಕರನ್ನೂ ಹಿಡಿದರು. 2022ರಲ್ಲಿ ಹೈಕೋರ್ಟು, ಮ್ಯಾಚ್ ಫಿಕ್ಸಿಂಗ್ ಐಪಿಸಿ 420ರ ಪ್ರಕಾರ ವಂಚನೆಯಾಗುವುದಿಲ್ಲ, ಕ್ರಮ ತೆಗೆದುಕೊಳ್ಳಬೇಕಾದ್ದು ಕ್ರಿಕೆಟ್ ಮಂಡಳಿ ಅಂತ ಹೇಳಿ, ಅರ್ಜಿ ಹಾಕಿದವರ ಮೇಲಿನ ಪ್ರಕರಣ ರದ್ದು ಮಾಡಿತು. ಅದೇ ವರ್ಷ ಟೂರ್ನಿ ಮಹಾರಾಜ ಟ್ರೋಫಿ ಅಂತ ಹೊಸ ಹೆಸರಿನಲ್ಲಿ ಮರಳಿ ಬಂತು. ನ್ಯಾಯವಾಗಿ ಹೇಳಬೇಕೆಂದರೆ ಟೆಸ್ಟೇನೂ ಪತಿವ್ರತೆಯಲ್ಲ. 2010ರಲ್ಲಿ ಲಾರ್ಡ್ಸ್ ಟೆಸ್ಟಿನಲ್ಲೇ ದುಡ್ಡಿಗೆ ನೋಬಾಲ್ ಹಾಕಿದ್ದು ಜಗತ್ತೆಲ್ಲ ನೋಡಿದೆ. ಆದರೆ ಕಳ್ಳನಿಗೆ ದಿನಾ ಸಂತೆ ನಡೆಯುವ ಊರೇ ಅನುಕೂಲ ಅಲ್ಲವೆ? 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದ್ದು ಒಳ್ಳೇದೇ ಆಯಿತು. ಬೀದಿ ಮೂಲೆಯ ಬುಕ್ಕಿಗೆ ಮಾತ್ರ ಆ್ಯಪು ಬೇಕಿಲ್ಲ, ಒಂದು ಫೋನು ಸಾಕು.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಮಕ್ಕಳದ್ದು. ಬೇಸಿಗೆ ರಜದಲ್ಲಿ ಒಂದು ಕೋಚಿಂಗ್ ಶಿಬಿರದ ಬೇಲಿಯ ಹೊರಗೆ ನಿಂತು ನೋಡುತ್ತಿದ್ದೆ. ಹತ್ತು ವರ್ಷದ ಮಗನನ್ನು ಸ್ಕೂಟರಿನಿಂದ ಇಳಿಸಿದ ತಂದೆಯೊಬ್ಬರು ಕೋಚಿಗೆ ಹೇಳುತ್ತಿದ್ದರು: 'ಸಾರ್, ಡಿಫೆನ್ಸು ಗಿಫೆನ್ಸು ಆಮೇಲೆ ನೋಡಾಣ. ಮೊದ್ಲು ಸಿಕ್ಸ್ ಹೊಡೆಯೋದು ಹೇಳ್ಕೊಡಿ.' ಅವರದ್ದೂ ತಪ್ಪಿಲ್ಲ. 2024ರ ಹರಾಜಿನಲ್ಲಿ ರಿಷಭ್ ಪಂತ್‌ಗೆ 27 ಕೋಟಿ ಸಿಕ್ಕಿದ್ದನ್ನು ಅವರೂ ಟಿವಿಯಲ್ಲಿ ನೋಡಿದ್ದಾರೆ. ಆದರೆ ಅದೇ ಪಂತ್ ಹೆಸರು ಮಾಡಿದ್ದು ಆಸ್ಟ್ರೇಲಿಯದಲ್ಲಿ ಟೆಸ್ಟ್ ಆಡಿ, 2021ರ ಬ್ರಿಸ್ಬೇನ್‌ನಲ್ಲಿ ಕೊನೆಯ ದಿನ ನಿಂತು ಗೆಲ್ಲಿಸಿ. ಐಪಿಎಲ್‌ನಲ್ಲಿ ಭಾರತೀಯನೊಬ್ಬ ಹೊಡೆದ ಮೊದಲ ಶತಕ ಯಾರದ್ದು ಗೊತ್ತೆ? 2009ರ ಮೇ ತಿಂಗಳಲ್ಲಿ, ಆರ್‌ಸಿಬಿ ಪರವಾಗಿ, ಇದೇ ಮನೀಶ್ ಪಾಂಡೆಯದ್ದು. ಎಂಟು ತಿಂಗಳ ಮೇಲೆ ಗಂಗೋತ್ರಿಯಲ್ಲಿ ನಮ್ಮನ್ನೆಲ್ಲ ಮರ ಹತ್ತಿಸಿದ. ಎರಡೂ ಆಟ ಒಬ್ಬನಿಗೇ ಒಲಿಯುತ್ತದೆ, ಎರಡನ್ನೂ ಕಲಿಸಿದರೆ. ಒಂದನ್ನೇ ಕಲಿಸಿದರೆ, ಎರಡು ಬಾಲು ಬ್ಯಾಟಿಗೆ ಸಿಗದಿದ್ದಾಗ ಅಳುವ ಮಕ್ಕಳು ತಯಾರಾಗುತ್ತಾರೆ.

ಹಾಗಾದರೆ ಏನು ಮಾಡೋಣ? ಐಪಿಎಲ್ ನಿಲ್ಲಿಸಿ ಅಂತ ಮೈಸೂರಿನಿಂದ ಕೂಗಿದರೆ ಮುಂಬಯಿಗೆ ಕೇಳಿಸುವುದಿಲ್ಲ. ನಮ್ಮ ಕೈಲಾಗುವ ಎರಡು ಮಾತು ಹೇಳುತ್ತೇನೆ.

ಒಂದು, ರಾಜ್ಯ ಕ್ರಿಕೆಟ್ ಸಂಸ್ಥೆಗೆ. 2025ರ ಮಹಾರಾಜ ಟ್ರೋಫಿಯನ್ನು ಮೈಸೂರಿನಲ್ಲಿ ಆಡಿಸಿದಿರಿ, ಸಂತೋಷ. ಹಾಗೆಯೇ ವರ್ಷಕ್ಕೆ ಒಂದು ರಣಜಿ ಪಂದ್ಯವನ್ನು ತಪ್ಪದೆ ಕೊಡಿ. ಶನಿವಾರ ಭಾನುವಾರ ನಡುವೆ ಬರುವಂತೆ ಕೊಡಿ. ಹದಿನೈದು ದಿನ ಮುಂಚೆ ಊರಿಗೆ ತಿಳಿಸಿ, ಶಾಲೆಗಳಿಗೆ ಕಾಗದ ಬರೆಯಿರಿ. ಜನ ಬರುತ್ತಾರೋ ಇಲ್ಲವೋ ಎಂಬ ಸಂಶಯವಿದ್ದರೆ 2010ರ ಸಂಕ್ರಾಂತಿಯನ್ನು ನೆನೆಸಿಕೊಳ್ಳಿ.

ಎರಡು, ಅಂಗಡಿಯವರಿಗೆ. ಬಡಾವಣೆಯ ಹುಡುಗರು ರಶೀದಿ ಪುಸ್ತಕ ಹಿಡಿದು ಬಂದಾಗ ರಾತ್ರಿ ದೀಪದ ಟೆನಿಸ್‌ಬಾಲ್ ಟೂರ್ನಿಗೆ ಇನ್ನೂರೋ ಐನೂರೋ ಕೊಟ್ಟು ಕಳಿಸುತ್ತೀರಿ. ಎಂಟು ಓವರಿನ ಮ್ಯಾಚು, ಹೊಡೆದವನಿಗೆ ಕಪ್ಪು, ಬಿದ್ದವನು ಮನೆಗೆ. ಈ ಸಲ ಒಂದು ಷರತ್ತು ಹಾಕಿ. ಹದಿನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಒಂದು ಕಪ್ಪು ಬೇರೆ ಇಡಬೇಕು. ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ, ತಂಡಕ್ಕೆ ಎರಡೆರಡು ಇನ್ನಿಂಗ್ಸ್, ಇನ್ನಿಂಗ್ಸಿಗೆ ಹದಿನೈದೋ ಇಪ್ಪತ್ತೋ ಓವರ್. ಬೆಳಿಗ್ಗೆ ಸೊನ್ನೆಗೆ ಔಟಾದ ಹುಡುಗ ಮಧ್ಯಾಹ್ನ ಊಟ ಮಾಡಿ ಬಂದು ಮತ್ತೆ ಬ್ಯಾಟು ಹಿಡಿಯಬೇಕು.

ದಿನಸಿ ಅಂಗಡಿಯ ಯಜಮಾನರಿಗೆ ಇದನ್ನು ಹೇಳಿದೆ. ಮೊಬೈಲಿನಲ್ಲಿ ಯಾರೋ ಸಿಕ್ಸರ್ ಹೊಡೆದು ಗಲಾಟೆಯೆದ್ದಿತ್ತು. ಅವರು ಅದನ್ನು ನೋಡಿ, ನನ್ನನ್ನು ನೋಡಿ, ಗಲ್ಲಾಪೆಟ್ಟಿಗೆ ತೆಗೆದರು. '2020ರಲ್ಲಿ ಲಾಕ್‌ಡೌನ್ ಬಂದಾಗ ಈ ಅಂಗಡಿ ಮುಗೀತು ಅಂದ್ಕೊಂಡಿದ್ದೆ ಸ್ವಾಮಿ. ಕಪ್ಪಿಗೆ ನನ್ನದೊಂದು ಸಾವಿರ ಬರಕೊಳ್ಳಿ' ಅಂದರು.

ಬರೆದುಕೊಂಡಿದ್ದೇನೆ. ನನ್ನದು ಐನೂರು. ಮಿಕ್ಕವರು ಹೇಳಿ.